‘ಕ’ ಅಂದರೆ ಕಮಲ, ‘5’ ಅಂದರೆ ಕೈ

ನಿನ್ನೆ ರಾತ್ರಿ ನಮ್ಮ ಮನೆತನದ ಗುಂಪಿಗೆ ಗಂಗಾವತಿ ಅತ್ತೆ ಒಂದು ಬರಹ ಫಾರ್ವರ್ಡ್ ಮಾಡಿದರು. ಅಮೆರಿಕದ ಶಿಕ್ಷಕಿಯೊಬ್ಬರದು. ಚುನಾವಣೆ ಬಂದರೆ ಮಕ್ಕಳು ಮನೆಯ ಜಗಳವನ್ನೂ ಕ್ಲಾಸಿಗೆ ತರುತ್ತಾರೆ, ನನ್ನ ವೋಟು ಯಾರಿಗೆ ಅಂತ ನಾನು ಹೇಳುವುದಿಲ್ಲ, ನವೆಂಬರಿನ ಆ ಮಂಗಳವಾರ ಶಾಲೆಯ ಆಟದ ಹಾಲೇ ಮತಗಟ್ಟೆ ಅಂತೆಲ್ಲ ಇತ್ತು. ಪೂರ್ತಿ ಓದಿದ್ದು ನಾನೊಬ್ಬಳೇ ಅನಿಸುತ್ತದೆ. ಕೊಪ್ಪಳ ಜಿಲ್ಲೆಯ ಸರ್ಕಾರಿ ಶಾಲೆಯಲ್ಲಿ ಟೀಚರ್ ನಾನು, ಓದದೆ ಇರಲು ಆಗಲಿಲ್ಲ.

ಅತ್ತೆ: ನೋಡಿ, ಅಲ್ಲಿನ ಮೇಡಂ ಎಷ್ಟು ಶಿಸ್ತು. ನನ್ನ ಮೊಮ್ಮಗ ಮೂರನೇ ಕ್ಲಾಸು, ಊಟಕ್ಕೆ ಕೂತರೂ ಘೋಷಣೆ ಕೂಗುತ್ತಾನೆ. ಇದನ್ನೆಲ್ಲ ಶಾಲೆಯಲ್ಲೇ ಕಲಿಸುತ್ತಾರೆ.

ತಮ್ಮ (ಬೆಂಗಳೂರು): ಬರೆದವರ ಹೆಸರೇ ಇಲ್ಲ ಅತ್ತೆ. ಯಾವ ಊರು, ಯಾವ ವರ್ಷ? ಲಿಂಕ್ ಹಾಕಿ.

ದೊಡ್ಡಪ್ಪ: ಹಿರಿಯರು ಕಳಿಸಿದ್ದನ್ನು ಮೊದಲು ಓದಬೇಕಪ್ಪ. 34 ವರ್ಷ ಮೇಷ್ಟ್ರಾಗಿದ್ದೆ. ನನ್ನ ವೋಟು ಯಾರಿಗೆ ಅಂತ ನಿಮ್ಮ ದೊಡ್ಡಮ್ಮನಿಗೂ ಗೊತ್ತಿಲ್ಲ.

ಸಿಂಧನೂರು ಮಾಮ: ನನಗೆ ಗೊತ್ತಿದೆ ಭಾವ. ಪಂಚಾಯ್ತಿಗೆ ನಮ್ಮ ಮನೆಯವಳು ನಿಂತಾಗ ನಿಮ್ಮ ಓಣಿಯಿಂದ ಎಷ್ಟು ವೋಟು ಬಿತ್ತು ಅಂತ ಮರೆತಿಲ್ಲ.

ಅತ್ತೆ: ಅದನ್ನ ಈಗ ಯಾಕೆ ತೆಗೀತೀರಿ?

ಬಳ್ಳಾರಿ ಅಣ್ಣ: ಚುನಾವಣೆ ಅಂದರೆ 1999ರಲ್ಲಿ ನಮ್ಮ ಬಳ್ಳಾರಿದು! ಸೋನಿಯಾ ಗಾಂಧಿ, ಸುಷ್ಮಾ ಸ್ವರಾಜ್. ಸುಷ್ಮಾ ಕನ್ನಡದಲ್ಲಿ ಭಾಷಣ ಮಾಡಿದ್ದರು. ಹೆಲಿಕಾಪ್ಟರ್ ಸದ್ದಿಗೆ ಕ್ಲಾಸು ಬಿಟ್ಟು ಓಡಿದ್ವಿ. ತಂಗಿ, ನಿನ್ನ ಚಪ್ಪಲಿ ಕಳೆದಿತ್ತಲ್ವಾ?

ತಮ್ಮ: ಗೆದ್ದದ್ದು ಸೋನಿಯಾ. ಲಿಂಕ್ ಎಲ್ಲಿ?

ದೊಡ್ಡಪ್ಪ: ನಿನ್ನ ಕಾಲೇಜು ಫೀ ಕಟ್ಟಿದಾಗ ನಾನು ರಸೀದಿ ಕೇಳಿರಲಿಲ್ಲ.

ಆಮೇಲೆ ಹತ್ತು ನಿಮಿಷ ಯಾರೂ ಮಾತಾಡಲಿಲ್ಲ. ನನಗೆ ತಡೆಯಲಾಗಲಿಲ್ಲ, ಬರೆದೆ.

ನಾನು: ಅತ್ತೆ, ಘೋಷಣೆ ನಾವು ಕಲಿಸುವುದಿಲ್ಲ. ಪ್ರಚಾರದ ಆಟೋ ಹಿಂದೆ ಓಡಿ ಮಕ್ಕಳೇ ಕಲಿಯುತ್ತಾರೆ. 2024ರ ಮೇ 7ರ ಲೋಕಸಭಾ ಚುನಾವಣೆಗೆ ನನ್ನ ಡ್ಯೂಟಿ ಇದ್ದದ್ದು ಬೇರೆ ಊರಿನ ಶಾಲೆಯಲ್ಲಿ, ಒಂದನೇ ಕ್ಲಾಸಿನ ಕೋಣೆ. ಮತಗಟ್ಟೆಯ ಸಾಮಾನು ಪಡೆಯುವ ಮಸ್ಟರಿಂಗ್ ಮುಗಿಸಿ, ಇವಿಎಂ ಪೆಟ್ಟಿಗೆ ಇಳಿಸಿ, ಮೊದಲು ಮಾಡಿದ ಕೆಲಸ ಗೋಡೆಯ ಚಾರ್ಟ್ ಮುಚ್ಚಿದ್ದು. ‘ಕ’ ಅಂದರೆ ಕಮಲ. ‘5’ ಅಂದರೆ ಬಿಡಿಸಿದ ಕೈ. ಎರಡರ ಮೇಲೂ ಬಿಳಿ ಹಾಳೆ ಅಂಟಿಸಿದೆ. ಮತದಾನ ಮುಗಿದ ರಾತ್ರಿ ಕಿತ್ತರೆ ಕಮಲದ ಎರಡು ದಳ ಹಾಳೆಗೇ ಅಂಟಿ ಬಂತು. ಅದು ಅಲ್ಲಿನ ಟೀಚರ್ ಸ್ಕೆಚ್ ಪೆನ್ನಿನಲ್ಲಿ ಕೈಯಾರೆ ಬರೆದ ಚಾರ್ಟ್. ಬಸ್ಸಿನಲ್ಲಿ ಅದೇ ಕಣ್ಣ ಮುಂದೆ.

ಟೀಚರನ್ನು ಬೇರೆ ಕೆಲಸಕ್ಕೆ ಹಚ್ಚಬಾರದು ಅನ್ನುವ 2009ರ ಶಿಕ್ಷಣ ಹಕ್ಕು ಕಾಯ್ದೆಯೂ ಜನಗಣತಿ, ವಿಪತ್ತು ಪರಿಹಾರ, ಚುನಾವಣೆಗೆ ವಿನಾಯಿತಿ ಕೊಟ್ಟಿದೆ. ಚುನಾವಣೆ ಕೆಲಸ ರಜೆಯ ದಿನ ಕೊಡಿ, ಪಾಠದ ವೇಳೆ ಬೇಡ ಅಂತ ಸುಪ್ರೀಂ ಕೋರ್ಟ್ 2007ರಲ್ಲೇ ಹೇಳಿದೆ. ಆದರೂ ಬಿಎಲ್‌ಒ, ಅಂದರೆ ಮತಗಟ್ಟೆ ಮಟ್ಟದ ಅಧಿಕಾರಿ ಆದ ನಮ್ಮ ಸಹೋದ್ಯೋಗಿ ಮತದಾರರ ಪಟ್ಟಿ ಹಿಡಿದು ಮನೆಮನೆ ತಿರುಗುವಾಗ ಎರಡು ಕ್ಲಾಸು ಒಂದೇ ಕೋಣೆಯಲ್ಲಿ ಕೂರುತ್ತವೆ. ಜಗಳ ಆಡುವುದಾದರೆ ಇದರ ಬಗ್ಗೆ ಆಡಿ.

ಸಿಂಧನೂರು ಮಾಮ: ಕಮಲ ಮಾತ್ರ ಹರೀತು, ಕೈ ಯಾಕೆ ಹರೀಲಿಲ್ಲ?

ನಾನು: ಅದರ ಮೇಲೆ ಗಮ್ ಕಡಿಮೆ ಬಿದ್ದಿತ್ತು ಮಾಮ.

ಮತ್ತೆ ಶುರುವಾಯಿತು. ಅಷ್ಟರಲ್ಲಿ ಅತ್ತೆ ನನಗೊಬ್ಬಳಿಗೇ ಮೆಸೇಜ್ ಹಾಕಿದರು. ‘ಆ ಶಾಲೆಗೆ ಹೊಸ ಚಾರ್ಟ್ ಬೇಕಾ? ಗಂಗಾವತಿಯಲ್ಲಿ ಅಂಗಡಿ ಇದೆ, ನಾಳೆ ಕೇಳ್ತೀನಿ.’