ಮಕ್ಕಳ ಆಂಟಿಬಯೋಟಿಕ್ ಪುಡಿಯಾಗಿ ಬರೋದು ಯಾಕೆ?

ಪ್ರಶ್ನೆ (ಡಿ.ಫಾರ್ಮಾ ಮೊದಲ ವರ್ಷ): ನಮಸ್ತೆ ಮೇಡಂ. ಪ್ಯಾರಸಿಟಮಾಲ್ ನೇರವಾಗಿ ದ್ರವವಾಗಿಯೇ ಬರುತ್ತೆ. ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಆಂಟಿಬಯೋಟಿಕ್ ಮಾತ್ರ ಡ್ರೈ ಸಿರಪ್ (ಮನೇಲಿ ನೀರು ಬೆರೆಸಿಕೊಳ್ಳುವ ಪುಡಿ) ಯಾಕೆ? ‘ಸ್ಥಿರತೆ ಕಡಿಮೆ’ ಅಂತ ಪರೀಕ್ಷೆಯಲ್ಲಿ ಬರೀತೀವಿ, ಆದರೆ ಅರ್ಥ ಆಗಿಲ್ಲ.

ಉತ್ತರ (ಫಾರ್ಮಸಿಸ್ಟ್): ಅರ್ಥ ಆಗಿಲ್ಲ ಅಂತ ಕೇಳಿದ್ದು ಒಳ್ಳೆಯದಾಯಿತು. ಅಮಾಕ್ಸಿಸಿಲಿನ್‌ನಲ್ಲಿ ಬೀಟಾ-ಲ್ಯಾಕ್ಟಮ್ ಅನ್ನೋ ನಾಲ್ಕು ಮೂಲೆಯ ಉಂಗುರ ಇದೆ, ಬಿಗಿಯಾಗಿ ಬಾಗಿಸಿದ ಬಿದಿರಿನ ಹಾಗೆ. ಬ್ಯಾಕ್ಟೀರಿಯಾದ ಗೋಡೆ ಕಟ್ಟುವ ಕಿಣ್ವ ಸಿಕ್ಕಾಗ ಅದು ಬಿಚ್ಚಿಕೊಂಡು ಅಲ್ಲೇ ಅಂಟಿಕೊಳ್ಳುತ್ತೆ. ನೀರಿನಲ್ಲಿಟ್ಟರೆ ನೀರೇ ಮೊದಲು ಬಿಚ್ಚಿಬಿಡುತ್ತೆ, ಆಮೇಲೆ ಔಷಧಿಗೆ ಶಕ್ತಿ ಇರಲ್ಲ. ಅಮಾಕ್ಸಿಸಿಲಿನ್ ಅನ್ನು ಬ್ಯಾಕ್ಟೀರಿಯಾದ ಕಿಣ್ವದಿಂದ ಕಾಪಾಡೋಕೆ ಸೇರಿಸಿರುವ ಕ್ಲಾವುಲನೇಟ್ ಅಂತೂ ಗಾಳಿಯ ತೇವಕ್ಕೇ ಕೆಡುತ್ತೆ. ಪ್ಯಾರಸಿಟಮಾಲ್ ಕೂಡ ನೀರಲ್ಲಿ ಒಡೆಯುತ್ತೆ, ಆದರೆ ಪಿಎಚ್ 6ರ ಆಸುಪಾಸಿನಲ್ಲಿ ಅದಕ್ಕೆ ವರ್ಷಗಳೇ ಬೇಕು. ಅದಕ್ಕೇ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಅನ್ನು ಒಣಪುಡಿಯಾಗಿಟ್ಟು, ಬೆರೆಸಿದ ಮೇಲೆ ಫ್ರಿಜ್‌ನಲ್ಲಿಟ್ಟು 7 ದಿನದೊಳಗೆ ಮುಗಿಸಿ ಅಂತಾರೆ. ಫ್ರೀಜರ್‌ನಲ್ಲಿ ಬೇಡ.

ಪ್ರಶ್ನೆ: ಟ್ರೈನಿಂಗ್‌ಗೆ ಹೋಗುವ ಅಂಗಡಿಯಲ್ಲಿ ‘ನೀರು ಹಾಕಿ ಕುಡಿಸಿ’ ಅಂತಷ್ಟೇ ಹೇಳಿ ಕಳಿಸ್ತಾರೆ. ನೀರು ಬಾಟಲಿ ಮೇಲಿನ ಗೆರೆ ದಾಟಿದರೆ ಅಷ್ಟು ತೊಂದರೆನಾ?

ಉತ್ತರ: ಲೆಕ್ಕ ಹಾಕಿ ನೋಡಿ. 30 ಎಂಎಲ್ ಬಾಟಲಿ, 5 ಎಂಎಲ್‌ಗೆ ಅಮಾಕ್ಸಿಸಿಲಿನ್ 200 ಎಂಜಿ ಅಂದರೆ ಒಳಗಿರೋದು ಒಟ್ಟು 1200 ಎಂಜಿ. ತಾಯಿ 36 ಎಂಎಲ್ ಮಾಡಿದರೆ ಪ್ರತಿ 5 ಎಂಎಲ್‌ನಲ್ಲಿ ಸುಮಾರು 167 ಎಂಜಿ. ಮಗುವಿಗೆ ಪ್ರತಿ ಸಲವೂ ಆರನೇ ಒಂದು ಪಾಲು ಕಡಿಮೆ. ನೀರು ಕಡಿಮೆ ಹಾಕಿದರೆ ಡೋಸ್ ಹೆಚ್ಚು. ನನಗೆ ಹೊಟ್ಟೆ ಉರಿಯೋದು ಇಲ್ಲೇ. ಡಾಕ್ಟರ್ ಮಗುವಿನ ತೂಕ ನೋಡಿ ಬರೆದಿರ್ತಾರೆ, ನಾವು ಕೌಂಟರ್‌ನಲ್ಲಿ ಎರಡು ನಿಮಿಷ ಉಳಿಸೋಕೆ ಅದನ್ನ ಕೆಡಿಸ್ತೀವಿ.

ನೀವು ಹೀಗೆ ತೋರಿಸಿ. ಬಾಟಲಿ ತಟ್ಟಿ ತಳದ ಪುಡಿ ಸಡಿಲಿಸಿ. ಕುದಿಸಿ ಪೂರ್ತಿ ಆರಿಸಿದ ನೀರು ಅರ್ಧದಷ್ಟು ಹಾಕಿ ಚೆನ್ನಾಗಿ ಕುಲುಕಿ. ನೊರೆ ಇಳಿದ ಮೇಲೆ ಮತ್ತೆ ಗೆರೆವರೆಗೆ ತುಂಬಿಸಿ, ಇನ್ನೊಮ್ಮೆ ಕುಲುಕಿ. ನೊರೆಯನ್ನೇ ನೀರಿನ ಮಟ್ಟ ಅಂದುಕೊಳ್ಳೋದು ಎಲ್ಲರೂ ಮಾಡುವ ತಪ್ಪು. ಇದು ಸಸ್ಪೆನ್ಷನ್, ಪುಡಿ ಕರಗಿರಲ್ಲ, ತೇಲ್ತಿರುತ್ತೆ. ಅದಕ್ಕೆ ಪ್ರತಿ ಸಲ ಕುಡಿಸುವ ಮುಂಚೆ ಕುಲುಕಲೇಬೇಕು, ಇಲ್ಲದಿದ್ದರೆ ಮೊದಲ ದಿನ ತಿಳಿ, ಕೊನೇ ದಿನ ಗಸಿ. ಅಳತೆಗೆ ಜೊತೆಗೆ ಕೊಟ್ಟ ಮುಚ್ಚಳವೇ ಇರಲಿ, ಅಡುಗೆಮನೆ ಚಮಚ ಬೇಡ.

ಪ್ರಶ್ನೆ: ಮನೇಲಿ ಫ್ರಿಜ್ ಇಲ್ಲ ಅಂದರೆ?

ಉತ್ತರ: ಬೆರೆಸುವ ಮುಂಚೆಯೇ ಕೇಳಿಬಿಡಿ. ಇಲ್ಲ ಅಂದರೆ ಡಾಕ್ಟರಿಗೆ ಫೋನ್ ಮಾಡಿ, ನೀರಲ್ಲಿ ಕದಡುವ ಡಿಸ್ಪರ್ಸಿಬಲ್ ಮಾತ್ರೆ ಕೊಡಬಹುದಾ ಅಂತ ವಿಚಾರಿಸಿ. 3 ನಿಮಿಷದೊಳಗೆ ನೀರಲ್ಲಿ ಕದಡಿಹೋಗುತ್ತೆ, ಪ್ರತಿ ಡೋಸನ್ನೂ ಕುಡಿಸುವಾಗಲೇ ತಯಾರಿಸಬಹುದು.