ಸಹಾಯ ಬೇಕು: ಯಾವ ಟ್ರಾಫಿಕ್ ಯಾವ ಆ್ಯಪ್‌ದು ಅಂತ ಗುರುತಿಸೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಧಾರವಾಡದ ಒಂದು ಹಾಸ್ಟೆಲ್‌ನ ನೆಟ್ ನಾನು ನೋಡಿಕೊಳ್ಳುತ್ತೇನೆ. 40 ಹುಡುಗರು, 100 ಎಂಬಿಪಿಎಸ್ ಲೈನ್, ಮೈಕ್ರೋಟಿಕ್ ರೌಟರ್, ಅದರ ಸಾಫ್ಟ್‌ವೇರ್ ರೌಟರ್‌ಓಎಸ್ 7. ರಾತ್ರಿ 9ರ ಮೇಲೆ ವಿಡಿಯೋ, ಗೇಮ್ ಅಪ್‌ಡೇಟ್ ಶುರುವಾದರೆ ಜೂಮ್‌ನಲ್ಲಿ ಮಾತು ತುಂಡು ತುಂಡಾಗುತ್ತದೆ. ಮೊನ್ನೆ ಒಬ್ಬ ಹುಡುಗನ ಇಂಟರ್ವ್ಯೂ ಅರ್ಧಕ್ಕೇ ಕಟ್ಟಾಯಿತು. ಲ್ಯಾಪ್‌ಟಾಪ್ ಹಿಡಿದುಕೊಂಡೇ ನನ್ನ ರೂಮಿಗೆ ಓಡಿ ಬಂದ. ಅವನ ಮುಖ ನೋಡಿ ತುಂಬಾ ಬೇಜಾರಾಯಿತು.

ಪೋರ್ಟ್ ನಂಬರ್ ನೋಡಿ ವಿಂಗಡಿಸೋಣ ಅಂದರೆ ಹೆಚ್ಚಿನದೆಲ್ಲ ಎಚ್‌ಟಿಟಿಪಿಎಸ್‌ನ 443ರಲ್ಲೇ ಹೋಗುತ್ತದೆ. ಪ್ಯಾಕೆಟ್ ಒಳಗಿನ ಡೇಟಾ ನೋಡಿ ಗುರುತಿಸುವ ಲೇಯರ್ 7 ರೂಲ್ ಹಾಕಿ ನೋಡಿದೆ. ಅದು ಕನೆಕ್ಷನ್‌ನ ಮೊದಲ 10 ಪ್ಯಾಕೆಟ್ ಅಥವಾ 2 ಕೆಬಿ ಮಾತ್ರ ನೋಡುತ್ತದೆ. ಎನ್‌ಕ್ರಿಪ್ಟ್ ಆದ ಡೇಟಾದಲ್ಲಿ ಏನು ಸಿಗುತ್ತದೆ ಹೇಳಿ? ಸಿಪಿಯು ಲೋಡ್ ಜಾಸ್ತಿ ಆಯಿತು, ಅಷ್ಟೇ. ಸೈಟ್ ಹೆಸರು ನೋಡಿ ಹಿಡಿಯುವ ಟಿಎಲ್‌ಎಸ್ ಹೋಸ್ಟ್ ರೂಲ್ ಟಿಸಿಪಿಗೆ ಪರವಾಗಿಲ್ಲ. ಆದರೆ ಯೂಟ್ಯೂಬ್ ಕ್ವಿಕ್ (QUIC) ಪ್ರೋಟೋಕಾಲ್‌ನಲ್ಲಿ, ಅಂದರೆ ಯುಡಿಪಿ 443ರಲ್ಲಿ ಹೋದಾಗ ಕೈಗೆ ಸಿಗುವುದಿಲ್ಲ. ಕ್ವಿಕ್ ಪೂರ್ತಿ ಬ್ಲಾಕ್ ಮಾಡಲು ಮನಸ್ಸಿಲ್ಲ. ಜೂಮ್‌ನ ಯುಡಿಪಿ ಪೋರ್ಟ್ 8801ರಿಂದ 8810 ಮಾತ್ರ ಸರಿಯಾಗಿ ಮಾರ್ಕ್ ಆಗುತ್ತಿದೆ.

ಹಳೇ ಪಿಸಿಯಲ್ಲಿ ಎನ್‌ಡಿಪಿಐ (ಟ್ರಾಫಿಕ್ ನೋಡಿ ಆ್ಯಪ್ ಗುರುತಿಸುವ ಸಾಫ್ಟ್‌ವೇರ್) ಹಾಕಿದರೆ ಪ್ರಯೋಜನ ಇದೆಯಾ? ಇಲ್ಲಾ ಆ್ಯಪ್ ಗುರುತಿಸೋದು ಬಿಟ್ಟು, ಲೈನ್ ಹಂಚಿಕೊಡುವ ಕೇಕ್ (CAKE) ಕ್ಯೂ ಹಾಕಿ ತಲಾ ಸಮಪಾಲು ಕೊಡೋದೇ ಮೇಲಾ? ಹಾಸ್ಟೆಲ್‌ನಲ್ಲಿ ಮಾಡಿ ನೋಡಿದವರು ದಯವಿಟ್ಟು ನಿಮ್ಮ ಸೆಟ್ಟಿಂಗ್ ಹಾಕಿ. ಮುಂದಿನ ವಾರ ಇನ್ನೂ ಇಬ್ಬರಿಗೆ ಇಂಟರ್ವ್ಯೂ ಇದೆ.