ಬ್ಯಾಡಗಿ ಖಾರದ ಪುಡಿ ಜರ್ಮನಿಗೆ ತರಿಸಿದವರು ಇದ್ದೀರಾ? ನಿಮ್ಮ ಅನುಭವ ಹೇಳಿ

ಸ್ಟುಟ್‌ಗಾರ್ಟ್ ಸೊಸೆ:
ಹಾವೇರಿ ಹತ್ತಿರ ನಮ್ಮ ಭಾವನವರದು ಖಾರದ ಪುಡಿ ಗಿರಣಿ ಇದೆ. 300 ಕೆಜಿ ಬ್ಯಾಡಗಿ ಪುಡಿ, 50 ಕೆಜಿ ಅರಿಶಿನ ಪುಡಿ ಇಲ್ಲಿಗೆ ತರಿಸಿ ಮಾರುವ ಯೋಚನೆ. ಅವರಿಗೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ) ಲೈಸೆನ್ಸ್ ಇದೆ. ಮಸಾಲೆ ರಫ್ತಿಗೆ ಬೇಕಾದ ಸ್ಪೈಸಸ್ ಬೋರ್ಡ್ ನೋಂದಣಿ ಇನ್ನೂ ಮಾಡಿಸಿಲ್ಲ. ವಿಮಾನದಲ್ಲಿ ತರಿಸಲಾ, ಹಡಗಿನಲ್ಲಾ?

ಹ್ಯಾಂಬರ್ಗಿನವ:
ತರಿಸಬೇಡಿ. ನನ್ನ ಕಥೆ ಕೇಳಿ. 2022ರಲ್ಲಿ 480 ಕೆಜಿ ತರಿಸಿದೆ. ಸರಕು ಬರುತ್ತೆ ಅಂತ ತಿಳಿಸುವ ಸಿಎಚ್‌ಇಡಿ ಫಾರಂ ಅನ್ನು ಯುರೋಪಿನ ಟ್ರೇಸಸ್ ಆನ್‌ಲೈನ್ ವ್ಯವಸ್ಥೆಯಲ್ಲಿ ಮೊದಲೇ ತುಂಬಿದ್ದೆ. ಊರಿನ ಲ್ಯಾಬ್ ವರದಿಯಲ್ಲಿ ಅಫ್ಲಾಟಾಕ್ಸಿನ್ ಬಿ1 (ಬೂಷ್ಟಿನಿಂದ ಹುಟ್ಟುವ ವಿಷ) ಬರೀ 1.9 ಇತ್ತು. ಇಲ್ಲಿ ಬಂದರಿನಲ್ಲಿ ಸ್ಯಾಂಪಲ್ ತೆಗೆದರು. 7.4 ಬಂತು. ಮಿತಿ ಕಿಲೋಗೆ 5 ಮೈಕ್ರೋಗ್ರಾಂ, ಅರಿಶಿನಕ್ಕೂ ಅಷ್ಟೇ. ಅದೇ ಪುಡಿ, ಅದೇ ಚೀಲ! ಗೋದಾಮಿನಲ್ಲಿ 19 ದಿನ, ದಿನಕ್ಕೆ 38 ಯೂರೋ, 722 ಆಯ್ತು. ಲ್ಯಾಬಿಗೆ 412. ಸ್ಯಾಂಪಲ್ ತೆಗೆದ ಶುಲ್ಕ 96. ಕೊನೆಗೆ ಸುಡಿಸಲು 640. ಒಟ್ಟು 1,870 ಯೂರೋ, ಸರಕಿನ ದುಡ್ಡು ಬಿಟ್ಟು. ಆ ಲೆಕ್ಕದ ಚೀಟಿಯನ್ನು ನನ್ನ ಹೆಂಡತಿ ಇನ್ನೂ ಫ್ರಿಜ್ ಮೇಲೆ ಅಂಟಿಸಿ ಇಟ್ಟಿದ್ದಾಳೆ.

ಎಡಿಸನ್ ಅಮ್ಮ:
ನೋಡಮ್ಮ, ನಾನು ನ್ಯೂಜೆರ್ಸಿಯಲ್ಲಿ ಒಂಬತ್ತು ವರ್ಷದಿಂದ ತರಿಸ್ತಿದ್ದೀನಿ. ಸರಕು ಬರೋ ಮೊದಲು ಕೊಡೋ ಪ್ರಯರ್ ನೋಟಿಸ್, ಕಳಿಸುವವರ ಮಾಲು ಸುರಕ್ಷಿತವಾ ಅಂತ ಪರಿಶೀಲಿಸೋ ಎಫ್‌ಎಸ್‌ವಿಪಿ ಎಲ್ಲಾ ನಾನೇ ಮಾಡೋದು. ಒಮ್ಮೆ ಮಾತ್ರ ಕೈ ಸುಟ್ಟಿತು. ಕಳಿಸುವವರು ಎಫ್‌ಡಿಎ (ಇಲ್ಲಿನ ಆಹಾರ-ಔಷಧ ಇಲಾಖೆ) ನೋಂದಣಿಯನ್ನು ಸಮ ಸಂಖ್ಯೆಯ ವರ್ಷ ಬಂದಾಗೆಲ್ಲ ಅಕ್ಟೋಬರಿನಿಂದ ಡಿಸೆಂಬರ್ ಒಳಗೆ ಹೊಸದು ಮಾಡಿಸಬೇಕು. 2022ರಲ್ಲಿ ನಮ್ಮ ಕಸಿನ್ ಮರೆತ. ಜನವರಿಯಲ್ಲಿ ಸರಕು ಬಂದು ನಿಂತೇ ಬಿಡ್ತು. ಅವನ ಜೊತೆ ಎಂಟು ತಿಂಗಳು ಮಾತು ಬಿಟ್ಟಿದ್ದೆ. ಹೊಟ್ಟೆ ಕೆಡಿಸೋ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಬಗ್ಗೆ ಹೆದರಬೇಡಿ. ಅಲ್ಲೇ ಗ್ಯಾಸ್ ಕೊಡಿಸಿಬಿಡಿ, ತಲೆನೋವೇ ಇಲ್ಲ.

ಹ್ಯಾಂಬರ್ಗಿನವ:
ಅಮ್ಮ, ದಯವಿಟ್ಟು! ನೀವು ಹೇಳುವ ಗ್ಯಾಸ್ ಎಥಿಲೀನ್ ಆಕ್ಸೈಡ್. ನಿಮ್ಮಲ್ಲಿ 7 ಪಿಪಿಎಂ ತನಕ ನಡೆಯುತ್ತೆ. ಇಲ್ಲಿ 0.1. ಅದೂ ಅದರಿಂದ ಹುಟ್ಟುವ 2-ಕ್ಲೋರೋಎಥನಾಲ್ ಸೇರಿಸಿ. ಅವರು ಕೇಳಿದ್ದು ಜರ್ಮನಿ ಬಗ್ಗೆ.

ಎಡಿಸನ್ ಅಮ್ಮ:
ಕಾಗದ ತುಂಬಿಯೂ ಸುಡಿಸಿದವರು ನನಗೆ ಪಾಠ ಹೇಳೋದು ಬೇಡ.

ಬ್ಯಾಡಗಿ ವ್ಯಾಪಾರಿ:
ಹ್ಯಾಂಬರ್ಗಿನ ಸಾಹೇಬ್ರೆ, ಲ್ಯಾಬಿನವರನ್ನು ಯಾಕೆ ಬೈತೀರಿ? ಒಂದು ಚೀಲದಲ್ಲಿ ನಾಲ್ಕು ಬೂಷ್ಟು ಹಿಡಿದ ಕಾಯಿ ಇದ್ದರೆ ಸಾಕು. ಸ್ಯಾಂಪಲ್ ಎಲ್ಲಿ ಬಗೆದರು ಅನ್ನೋದರ ಮೇಲೆ ನಂಬರ್ ಬದಲಾಗುತ್ತೆ. ತೂಕ ಬರಲಿ ಅಂತ ಕಾಯಿಗೆ ನೀರು ಹೊಡೆಯುವವರೂ ಇದ್ದಾರೆ. ಆ ಮಾಲು ಯಾರಿಗೆ ಹೋಗುತ್ತೆ ಗೊತ್ತಾ? ಕಿಲೋಗೆ ಹತ್ತು ರೂಪಾಯಿ ಚೌಕಾಸಿ ಮಾಡುವ ನಿಮ್ಮಂಥವರಿಗೆ. ನಾನು 2023ರಲ್ಲಿ ಎರಡು ಟನ್ ಮಾಲನ್ನು ಬ್ಯಾಕ್ಟೀರಿಯಾ ಸಾಯಲಿ ಅಂತ ಸ್ಟೀಮ್ ಮಾಡಿಸಿ ಕಳಿಸಿದೆ. ಕಿಲೋಗೆ 22 ರೂಪಾಯಿ ಜಾಸ್ತಿ ಬಿತ್ತು. ತಗೊಂಡವರು ಬಣ್ಣ ಮಾಸಿದೆ ಅಂತ 90,000 ರೂಪಾಯಿ ಹಿಡಿದುಕೊಂಡರು. ಇವತ್ತಿಗೂ ಕೊಟ್ಟಿಲ್ಲ.

ಮ್ಯೂನಿಕ್ ಮಾಣಿ:
ನಾನು ಸ್ಟೀಮೂ ಬೇಡ, ಗ್ಯಾಸೂ ಬೇಡ ಅಂತ ವಿಕಿರಣ ಮಾಡಿಸಿದೆ. ಒಣ ಮಸಾಲೆಗೆ ಯುರೋಪಿನಲ್ಲಿ ಒಪ್ಪಿಗೆ ಇದೆ. ಆದರೆ ಘಟಕ ಅವರ ಪಟ್ಟಿಯಲ್ಲಿರಬೇಕು. ಸರಕು ಪಾಸಾಯ್ತು! ಆಮೇಲೆ ಪೊಟ್ಟಣದ ಮೇಲೆ ವಿಕಿರಣದ ವಿಷಯ ಅಚ್ಚು ಹಾಕಲೇಬೇಕು ಅಂತಾಯ್ತು. ಅದನ್ನು ಓದಿ ಯಾರೂ ಮುಟ್ಟಲಿಲ್ಲ. 140 ಪೊಟ್ಟಣ ಇನ್ನೂ ನೆಲಮಾಳಿಗೆಯಲ್ಲಿವೆ. ನಮ್ಮ ಮನೆಯಲ್ಲಿ ವರ್ಷದಿಂದ ಅದೇ ಸಾರು.

ಹ್ಯಾಂಬರ್ಗಿನವ:
ವ್ಯಾಪಾರಿಗಳೇ, ಬಣ್ಣದ ಮಾತು ನೀವೇ ಎತ್ತಿದಿರಿ. ಗುಂಟೂರು ಕಾಯಿ ಬೆರೆಸಿ ಬ್ಯಾಡಗಿ ಅಂತ ಚೀಟಿ ಅಂಟಿಸುವವರು ಯಾರು? ನನಗೆ ಬಂದ ಪುಡಿ ಬಾಯಿಗಿಟ್ಟರೆ ಕಣ್ಣಲ್ಲಿ ನೀರು. ಬ್ಯಾಡಗಿಗೆ ಅಷ್ಟು ಖಾರ ಎಲ್ಲಿಂದ ಬರಬೇಕು?

ಬ್ಯಾಡಗಿ ವ್ಯಾಪಾರಿ:
ನಾಲಿಗೆ ಬಿಗಿ ಹಿಡಿದು ಮಾತಾಡ್ರಿ. 2003ರಲ್ಲಿ ಯಾರೋ ಸುಡಾನ್ ಅನ್ನೋ, ಆಹಾರಕ್ಕೆ ಹಾಕಬಾರದ ಕೆಂಪು ಬಣ್ಣ ಬೆರೆಸಿ ಯುರೋಪಿನಲ್ಲಿ ಸಿಕ್ಕಿಬಿದ್ದರು. ಅವರ ಪಾಪಕ್ಕೆ ನಾವು ಇವತ್ತಿಗೂ ಲೋಡ್ ಲೋಡಿಗೆ ಸುಡಾನ್ ಟೆಸ್ಟ್ ಮಾಡಿಸ್ತಿದ್ದೇವೆ. ನನ್ನದು ದಪ್ಪನೆಯ ಡಬ್ಬಿ ಬ್ಯಾಡಗಿ ಕಾಯಿ. ತೆಳ್ಳಗಿನ ಕಡ್ಡಿ ಬ್ಯಾಡಗಿಯನ್ನೂ ಸೇರಿಸಲ್ಲ.

ಎಡಿಸನ್ ಅಮ್ಮ:
ಡಬ್ಬಿಗಿಂತ ಕಡ್ಡಿಯೇ ಸಾರಿಗೆ ಚೆನ್ನ.

ಸ್ಟುಟ್‌ಗಾರ್ಟ್ ಸೊಸೆ:
ಎಲ್ಲರಿಗೂ ಥ್ಯಾಂಕ್ಸ್. ಆದರೆ ವಿಮಾನವಾ, ಹಡಗಾ?

ಬ್ಯಾಡಗಿ ವ್ಯಾಪಾರಿ:
ಮೊದಲು ನಿಮ್ಮ ಭಾವನವರ ಸ್ಪೈಸಸ್ ಬೋರ್ಡ್ ನೋಂದಣಿ ಆಗಲಿ ತಂಗಿ. ಅದಿಲ್ಲದೆ ಎರಡೂ ಹತ್ತೋದಿಲ್ಲ. ನಿಮಗೂ ಅಲ್ಲಿ ಕಸ್ಟಮ್ಸ್‌ನ ಇಒಆರ್‌ಐ ನಂಬರ್ ಬೇಕು. ಯಾವ ದೇಶದ ಯಾವ ಮಾಲನ್ನು ಎಷ್ಟು ತಪಾಸಣೆ ಮಾಡಬೇಕು ಅನ್ನೋ ಪಟ್ಟಿಯನ್ನು ಯುರೋಪಿನವರು ಆರು ತಿಂಗಳಿಗೊಮ್ಮೆ ತಿದ್ದುತ್ತಾರೆ, ಹಳೆಯದನ್ನು ನಂಬಿ ಕೂರಬೇಡಿ. ಮತ್ತೆ ಅಮ್ಮ, ಕಡ್ಡಿ ಸಾರಿಗೆ ಚೆನ್ನ ಅಂದವರು ಯಾರ್ರೀ ನಿಮಗೆ?